ಕಬಾಬ್ ಜೊತೆಗೆ ಯಾವ ವೈನ್? ನಾಲ್ಕು ಬಾಟಲಿ ತೆಗೆದು ನೋಡಿದ್ದಾಯಿತು

ಮೊದಲೇ ಹೇಳಿಬಿಡುತ್ತೇನೆ. ಇನ್ನು ಮುಂದೆ ನಮ್ಮನೆ ಪಾರ್ಟಿಗೆ ಶೆನಿನ್ ಬ್ಲಾಂಕ್ ಅನ್ನುವ ಬಿಳಿ ವೈನೇ. ಫ್ರೆಂಚರ ಬಾಯಲ್ಲಿ ಅದು ಶೆನಾಂ ಬ್ಲಾಂ ಅಂತೆ. ನಮ್ಮ ಬಡಾವಣೆಯ ಅಂಗಡಿಯಲ್ಲಿ ಹಾಗೆ ಕೇಳಿದರೆ ಸುಮ್ನೆ ಮುಖ ನೋಡುತ್ತಾರೆ.

ಈ ಬುದ್ಧಿ ಬಂದಿದ್ದು ಕೈ ಸುಟ್ಟುಕೊಂಡ ಮೇಲೆ. ಏಪ್ರಿಲ್‌ನಲ್ಲಿ ನಮ್ಮ ಮನೆಯವರ ನಲವತ್ತನೇ ಹುಟ್ಟುಹಬ್ಬ. ಹನ್ನೆರಡು ಜನ. ವೈನ್ ಅಂದರೆ ಕೆಂಪಗೇ ಇರಬೇಕು ಅಂದುಕೊಂಡಿದ್ದವಳು ನಾನು. ಕ್ಯಾಬರ್ನೆ ಶಿರಾಜ್ ಐದು ಬಾಟಲಿ ತಂದೆ. 750 ಎಂ.ಎಲ್. ಬಾಟಲಿಗೆ ಐದು ಗ್ಲಾಸ್, ತಲೆಗೆ ಎರಡು. ಲೆಕ್ಕ ಸರಿಯಾಗೇ ಇತ್ತು. ತಟ್ಟೆಯಲ್ಲಿ ಏನಿದೆ ಅಂತ ಮಾತ್ರ ಯೋಚಿಸಿರಲಿಲ್ಲ. ಚಿಕನ್ ಕಬಾಬ್, ಗೋಬಿ ಮಂಚೂರಿ, ಅಂಬೊಡೆ, ಕಾಂಗ್ರೆಸ್ ಕಡಲೆಬೀಜ. ಕಬಾಬಿಗೆ ಬ್ಯಾಡಗಿ ಮಾತ್ರ ಹಾಕಿದ್ದರೆ ಬಚಾವಾಗುತ್ತಿದ್ದೆನೋ ಏನೋ. ಖಾರ ಸಾಲದು ಅಂತ ಗುಂಟೂರನ್ನೂ ಸೇರಿಸಿದ್ದೆ.

ಆದರೆ ಖಾರಕ್ಕಿಂತ ಮೊದಲು ಕಾಡಿದ್ದು ಕಾರ್ಕ್. ನಮ್ಮನೆಯಲ್ಲಿ ಓಪನರ್ ಇರಲೇ ಇಲ್ಲ. ಬಿಯರ್ ಓಪನರ್ ಮೂರಿವೆ, ಅದು ಬೇರೆ ಮಾತು. ರಾತ್ರಿ ಎಂಟೂವರೆ, ಎಲ್ಲರ ಕೈಯಲ್ಲೂ ಖಾಲಿ ಗ್ಲಾಸ್. ಮೈದುನ ಟೂಲ್ ಬಾಕ್ಸ್ ತಂದು ಗೋಡೆಗೆ ಹಾಕುವ ಸ್ಕ್ರೂ ಒಂದನ್ನು ಕಾರ್ಕಿಗೆ ತಿರುಗಿಸಿದ. ಆಮೇಲೆ ಇಕ್ಕಳದಲ್ಲಿ ಹಿಡಿದು ಎಳೆದ. ಸ್ಕ್ರೂ ಆಚೆ ಬಂತು, ಅದರ ಜೊತೆ ಅರ್ಧ ಕಾರ್ಕ್ ಪುಡಿಪುಡಿಯಾಗಿ ಬಂತು. ಉಳಿದರ್ಧ ಅಲ್ಲೇ ಕೂತಿತು. ಅಂಗಡಿಯಲ್ಲಿ ಆ ಬಾಟಲಿಗಳು ಮೇಲಿನ ಕಪಾಟಿನಲ್ಲಿ ನಿಂತುಕೊಂಡಿದ್ದವು, ಮೇಲೆ ಒಂದು ಪದರ ಧೂಳು. ತುಂಬ ದಿನ ಹಾಗೆ ನಿಂತರೆ ಕಾರ್ಕ್ ಒಣಗುತ್ತದೆ ಅಂತ ಆಮೇಲೆ ತಿಳಿಯಿತು.

ಕೊನೆಗೆ ಮರದ ಸೌಟಿನ ಹಿಡಿಯಿಂದ ಕಾರ್ಕನ್ನು ಒಳಕ್ಕೇ ತಳ್ಳಿದೆವು. ವೈನ್ ಪುಳಕ್ ಅಂತ ಹಾರಿ ಮೈದುನನ ಬಿಳಿ ಶರ್ಟಿಗೆ ಬಡಿಯಿತು. ಗ್ಲಾಸಿಗೆ ಸುರಿದರೆ ಕಾರ್ಕಿನ ಚೂರು ತೇಲುತ್ತಿವೆ. ಟೀ ಜಾಲರಿಯಲ್ಲಿ ಸೋಸಿದೆ. ಬೆಳಗ್ಗೆ ಅದೇ ಜಾಲರಿಯಲ್ಲಿ ಶುಂಠಿ ಟೀ ಸೋಸಿದ್ದು ನೆನಪಾದದ್ದು ಮೊದಲ ಗುಟುಕಿನ ಮೇಲೆ.

ಇಷ್ಟು ಪಾಡುಪಟ್ಟು ಕುಡಿದರೆ ಬಾಯಿ ಉರಿ. ಕೆಂಪು ವೈನಿನಲ್ಲಿ ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಇಳಿದ ಟ್ಯಾನಿನ್ ಇರುತ್ತದೆ. ನೆಲ್ಲಿಕಾಯಿ ಕಚ್ಚಿದಾಗ ನಾಲಿಗೆ ಹಿಡಿದ ಹಾಗಾಗುತ್ತದಲ್ವಾ, ಅದೇ ಒಗರು. ಖಾರದ ಜೊತೆ ಸೇರಿದರೆ ಖಾರವೂ ಏರುತ್ತದೆ, ಒಗರೂ ಏರುತ್ತದೆ. ಜೊತೆಗೆ ಏಪ್ರಿಲ್ ಸೆಕೆ. ಕೆಂಪು ವೈನನ್ನು ರೂಮ್ ಟೆಂಪರೇಚರ್‌ನಲ್ಲಿ ಕೊಡಬೇಕು ಅನ್ನುತ್ತಾರೆ. ಆ ರೂಮು 16ರಿಂದ 18 ಡಿಗ್ರಿಯದು, ನಮ್ಮ ಹಾಲ್ ಅಲ್ಲ. ಎರಡು ಬಾಟಲಿ ಖರ್ಚಾಗುವಷ್ಟರಲ್ಲಿ ಎಲ್ಲರೂ ಮಜ್ಜಿಗೆ ಕೇಳಿದರು. ಮೂರು ಹಾಗೇ ಉಳಿದವು.

ಒಂದು ತಿಂಗಳು ಬಿಟ್ಟು, ಒಂದು ಭಾನುವಾರ ಪಕ್ಕದ ಮನೆಯವರನ್ನು ಕರೆದು ಅದೇ ತಿಂಡಿ, ಜೊತೆಗೆ ಪನೀರ್ ಟಿಕ್ಕಾ ಮಾಡಿದೆ. ಉಳಿದಿದ್ದ ಕೆಂಪು, ಸುವಿನ್ಯಾನ್ ಬ್ಲಾಂಕ್ ಅನ್ನುವ ಇನ್ನೊಂದು ಬಿಳಿ ವೈನ್, ಶೆನಿನ್ ಬ್ಲಾಂಕ್, ಬುರುಗು ಬರುವ ಬ್ರೂಟ್. ಈ ಸಲ ಓಪನರ್ ಇತ್ತು.

ಕೆಂಪು ಚೀಸ್ ತುಂಡಿನ ಜೊತೆ ಚೆನ್ನಾಗಿತ್ತು. ಆದರೆ ನಮ್ಮ ತಟ್ಟೆಯಲ್ಲಿ ಚೀಸ್ ಎಷ್ಟಿರುತ್ತದೆ ಹೇಳಿ?

ಸುವಿನ್ಯಾನ್ ಬ್ಲಾಂಕ್ ಹುಳಿ ಜಾಸ್ತಿ, ಹಸಿರು ವಾಸನೆ. ಪುದೀನ ಕೊತ್ತಂಬರಿ ಚಟ್ನಿಯಲ್ಲಿ ಅದ್ದಿದ ಪನೀರ್ ಟಿಕ್ಕಾ ಜೊತೆ ಇದನ್ನು ಮೀರಿಸುವುದು ಯಾವುದೂ ಇಲ್ಲ. ಮಂಚೂರಿ ಜೊತೆ ಮಾತ್ರ ಕೆಟ್ಟಿತು. ಆ ಸಾಸಿನ ಸಿಹಿ ಮೇಲೆ ಇದನ್ನು ಕುಡಿದರೆ ಬರೀ ನಿಂಬೆರಸ ಕುಡಿದ ಹಾಗೆ.

ಬ್ರೂಟ್ ಕೈಬಿಡಬೇಕಾಯಿತಲ್ಲ ಅಂತ ನನಗೆ ಹೊಟ್ಟೆ ಉರಿ. ಅಂಬೊಡೆಯ ಎಣ್ಣೆಯನ್ನು ಆ ಗುಳ್ಳೆಗಳು ನಾಲಿಗೆಯಿಂದ ತೊಳೆದುಬಿಡುತ್ತವೆ, ಮತ್ತೊಂದು ಅಂಬೊಡೆಗೆ ಕೈ ಹೋಗುತ್ತದೆ. ತೆಗೆಯುವಾಗ ಹುಷಾರು, ಒಳಗಿನ ಒತ್ತಡ ಕಾರಿನ ಟಯರಿಗಿಂತ ಎರಡು ಮೂರು ಪಟ್ಟು. ಆದರೆ ಬಾಟಲಿಗೆ ಸಾವಿರ ರೂಪಾಯಿ ದಾಟಬಾರದು ಅನ್ನುವುದು ನನ್ನ ನಿಯಮ, ಇದು ದಾಟುತ್ತದೆ. ತೆಗೆದ ಮೇಲೆ ಅವತ್ತೇ ಮುಗಿಸಬೇಕು ಬೇರೆ.

ಶೆನಿನ್ ಬ್ಲಾಂಕ್ ನಾನು ತಂದಿದ್ದು ಸುಲಾ ಕಂಪನಿಯದ್ದು. ನಾಶಿಕದಲ್ಲಿ ಈ ದ್ರಾಕ್ಷಿ ಹಾಕಿ 2000ದಲ್ಲಿ ವೈನ್ ಮಾರಲು ಶುರು ಮಾಡಿದವರು. ಇದರಲ್ಲಿ ಸ್ವಲ್ಪ ಸಿಹಿ ಉಳಿಸಿರುತ್ತಾರೆ. ಗುಂಟೂರು ಕಬಾಬಿಗೆ ಬೇಕಿದ್ದದ್ದು ಅದೇ. ಒಂದು ಗುಟುಕಿಗೆ ಉರಿ ಇಳಿಯಿತು, ಮಾಂಸದ ರುಚಿ ಉಳಿಯಿತು. ಮಂಚೂರಿ ಜೊತೆಗೂ ಜಗಳವಿಲ್ಲ. ಮೂರು ಗಂಟೆ ಫ್ರಿಜ್ಜಿನಲ್ಲಿಟ್ಟರೆ ಸಾಕು. ಗ್ಲಾಸಿನಲ್ಲೇ ಬಿಟ್ಟು ಹರಟೆಗೆ ಕೂತರೆ ಮಾತ್ರ ಬೆಚ್ಚಗಾಗಿ ಹಣ್ಣಿನ ಜ್ಯೂಸ್ ಆಗುತ್ತದೆ. ಅದಕ್ಕೆ ಅರ್ಧರ್ಧ ಗ್ಲಾಸ್ ಹಾಕುತ್ತೇನೆ. ಎಲ್ಲಕ್ಕಿಂತ ಮುಖ್ಯ, ಇದಕ್ಕೆ ಕಾರ್ಕ್ ಇಲ್ಲ. ತಿರುಗಿಸುವ ಮುಚ್ಚಳ.

ಪಕ್ಕದ ಮನೆಯವರು ತಮ್ಮ ಪಾಲಿಗೆ ಒಂದು ಅಗ್ಗದ ಸಿಹಿ ‘ಪೋರ್ಟ್’ ತಂದಿದ್ದರು. ಬೆಂಗಳೂರು ಬ್ಲೂ ದ್ರಾಕ್ಷಿಯದು. ದೇವನಹಳ್ಳಿ, ಚಿಕ್ಕಬಳ್ಳಾಪುರದ ಕಡೆ ಬೆಳೆಯುವ, 2013ರಲ್ಲಿ ಜಿಐ ಟ್ಯಾಗ್ (ಭೌಗೋಳಿಕ ಗುರುತು) ಸಿಕ್ಕಿದ ನಮ್ಮದೇ ಹಣ್ಣು. ಕೆಮ್ಮಿನ ಸಿರಪ್ ಅಂತ ನಾನು ಮೂಗು ಮುರಿದೆ. ನಮ್ಮತ್ತೆ ಮಾತ್ರ ಕಡಲೆಬೀಜದ ಜೊತೆ ಅದನ್ನೇ ಎರಡು ಸಲ ಹಾಕಿಸಿಕೊಂಡರು.

ಮಿಕ್ಕ ಅರ್ಧ ಬಾಟಲಿ ಶೆನಿನ್ ಬ್ಲಾಂಕಿಗೆ ಮುಚ್ಚಳ ತಿರುಗಿಸಿ ಫ್ರಿಜ್ ಬಾಗಿಲಲ್ಲಿ, ಮೊಸರಿನ ಪಕ್ಕ ಇಟ್ಟೆ. ಮೂರನೇ ದಿನ ಮಳೆ ಬಂತು. ಮೆಣಸಿನಕಾಯಿ ಬಜ್ಜಿ ಜೊತೆ ಅದೂ ಖಾಲಿ.