ಎಫ್ ಅಕ್ಷರ ಅಳಿಸಿಹೋದ ಟಿವಿಎಸ್ ಗೋಲ್ಡ್: 2006ರಿಂದ ಬಳಸಿದ ಕೀಬೋರ್ಡ್

ಕೊಡಗಿನ ಗೋಣಿಕೊಪ್ಪದಲ್ಲಿ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ಹಾಕಿ ಪಂದ್ಯದ ಕರಪತ್ರ, ಸಂಘದ ರಸೀದಿ ಪುಸ್ತಕ, ಹೀಗೆ ಬಂದದ್ದನ್ನೆಲ್ಲ ಮಾಡಿಕೊಡುತ್ತೇನೆ. ಕಂಪ್ಯೂಟರ್ ನಾಲ್ಕು ಸಲ ಬದಲಾಯಿತು, ಮಾನಿಟರ್ ಎಷ್ಟು ಸಲವೋ ಲೆಕ್ಕವಿಲ್ಲ. 2006ರಲ್ಲಿ ಮೈಸೂರಿನಿಂದ ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದ ಟಿವಿಎಸ್ ಗೋಲ್ಡ್ ಕೀಬೋರ್ಡ್ ಮಾತ್ರ ಬದಲಾಗಿಲ್ಲ. ಆ ದುಡ್ಡಿಗೆ ಸಾದಾ ಕೀಬೋರ್ಡ್ ಮೂರು ಬರುತ್ತಿತ್ತು. ಮನೆಯಲ್ಲಿ ಬೈಸಿಕೊಂಡಿದ್ದೆ.

ನೋಡೋಕೆ ಚೆಂದವೇನಿಲ್ಲ. ಕಪ್ಪು ಹಲಗೆ, ಲೈಟಿಲ್ಲ, ದಪ್ಪ ವಯರ್, ತುದಿಯಲ್ಲಿ ನೇರಳೆ ಬಣ್ಣದ ಪಿಎಸ್/2 ಪಿನ್ನು, ಅಂದರೆ ಯುಎಸ್‌ಬಿಗಿಂತ ಹಿಂದಿನ ಕಾಲದ ದುಂಡು ಪಿನ್ನು. ಅಂಗಡಿಗೆ ಬರುವ ಹುಡುಗರು "ಇದಿನ್ನೂ ಓಡುತ್ತಾ ಅಣ್ಣಾ?" ಅಂತ ಕೇಳುತ್ತಾರೆ. ರೂಪಾಯಿ ಚಿಹ್ನೆ ಬಂದದ್ದೇ 2010ರಲ್ಲಿ, ಹಾಗಾಗಿ ಇದರಲ್ಲಿ ಅದೂ ಇಲ್ಲ. ಆಮೇಲೆ ಬಂದ ಗೋಲ್ಡ್ ಭಾರತ್‌ನಲ್ಲಿ ಇದೆ. ನನಗೆ 'ರೂ.' ಸಾಕು.

ಒಂದು ಕೀಯ ಟೊಪ್ಪಿ ಕಿತ್ತರೆ ಒಳಗೆ ನೀಲಿ ಬಣ್ಣದ ಪುಟ್ಟ ಕಡ್ಡಿ ಕಾಣುತ್ತದೆ, ಅದರ ತಲೆ ಕೂಡಿಸುವ ಚಿಹ್ನೆಯ ಆಕಾರ. ಇದು ಜರ್ಮನಿಯ ಚೆರ್ರಿ ಕಂಪನಿಯ ನೀಲಿ ಸ್ವಿಚ್ಚು. ಸಾದಾ ಕೀಬೋರ್ಡಿನಲ್ಲಿ ಎಲ್ಲ ಕೀಗಳ ಕೆಳಗೂ ಒಂದೇ ರಬ್ಬರ್ ಹಾಳೆ. ಇದರಲ್ಲಿ ಒಂದೊಂದು ಕೀಗೂ ಬೇರೆ ಸ್ವಿಚ್ಚು, ಬೇರೆ ಸ್ಪ್ರಿಂಗು. ಕೀ ಪೂರ್ತಿ ಇಳಿಯುವುದು 4 ಮಿಲಿಮೀಟರ್. ಸುಮಾರು ಅರ್ಧ ದಾರಿಯಲ್ಲೇ 'ಟಿಕ್' ಅನ್ನುತ್ತದೆ, ಅಕ್ಷರ ಬೀಳುತ್ತದೆ. ತಳ ಮುಟ್ಟಿಸಿ ಕುಟ್ಟಬೇಕಾಗಿಲ್ಲ.

ಈ ಸದ್ದಿಗೇ ಜನ ಬೈಯುವುದು. ಕೆಳಗಿನ ಹೋಟೆಲಿನವರಿಗೆ ತಲೆ ಮೇಲೆ ಆಲಿಕಲ್ಲು ಬಿದ್ದ ಹಾಗೆ ಕೇಳುತ್ತದಂತೆ. ನನಗೆ ಬೇಕಾದದ್ದು ಅದೇ. ಗಿರಾಕಿ ಕೊಟ್ಟ ಕೈಬರಹದ ಮೇಲೆ ಕಣ್ಣು, ಕೀಬೋರ್ಡಿನ ಮೇಲೆ ಕಿವಿ. ಟಿಕ್ ಬಂದರೆ ಅಕ್ಷರ ಬಿದ್ದಿದೆ, ಪರದೆ ನೋಡಬೇಕಾಗಿಲ್ಲ. ಕೊಡವರ ಕೌಟುಂಬಿಕ ಹಾಕಿ ಪಂದ್ಯಕ್ಕೆ ಮುನ್ನೂರು ಚಿಲ್ಲರೆ ಒಕ್ಕಗಳ, ಅಂದರೆ ಮನೆತನಗಳ ಹೆಸರು ಒಂದೇ ರಾತ್ರಿ ಹೊಡೆದದ್ದು ಹೀಗೆ.

ಎಫ್ ವಿಚಾರ ಹೇಳಲೇಬೇಕು. ನಾನು ಹೊಡೆಯುವುದು ನುಡಿ ಅನ್ನುವ ಕನ್ನಡ ತಂತ್ರಾಂಶದಲ್ಲಿ, ಅಂದರೆ ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ. ಅದರಲ್ಲಿ ಒತ್ತು ಕೊಡುವ ಕೀ ಎಫ್. ಪಿ, ಎಫ್, ಪಿ ಹೊಡೆದರೆ 'ಪ್ಪ'. ಮಡಿಕೇರಿ, ವಿರಾಜಪೇಟೆ, ಕುಶಾಲನಗರಕ್ಕೆ ಎಫ್ ಬೇಡ. ಪೊನ್ನಂಪೇಟೆ, ಸಿದ್ದಾಪುರ, ಸುಂಟಿಕೊಪ್ಪಕ್ಕೆ ಬೇಕು. ಮದುವೆ ಕಾಗದದಲ್ಲಂತೂ 'ಶ್ರೀ'ಯಿಂದಲೇ ಶುರು. ಇಂಗ್ಲಿಷ್ ಹೊಡೆಯುವವರ ಕೀಬೋರ್ಡಿನಲ್ಲಿ 'ಇ' ಮೊದಲು ಸವೆಯುತ್ತದಂತೆ. ನನ್ನದರಲ್ಲಿ ಎಫ್ ಮೇಲಿನ ಅಕ್ಷರ ಪೂರ್ತಿ ಅಳಿಸಿ, ಟೊಪ್ಪಿ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತದೆ. ಬೆರಳಿಗೆ ಸಿಗುವ ಆ ಸಣ್ಣ ಗೆರೆ ಮಾತ್ರ ಉಳಿದಿದೆ.

ಇನ್ನು ಮಳೆ. ಕೊಡಗಿನ ಜೂನ್, ಜುಲೈ ಗೊತ್ತಲ್ವಾ, ಚಪ್ಪಲಿ, ಬೆಲ್ಟು, ಪುಸ್ತಕ ಎಲ್ಲಕ್ಕೂ ಬೂಸ್ಟು. ಕೊಡವರ ಕಕ್ಕಡ ತಿಂಗಳಲ್ಲಿ ಮದುವೆ ಇಲ್ಲ, ಅಂಗಡಿಯಲ್ಲಿ ಕೆಲಸವೂ ಕಡಿಮೆ. ಒಂದು ವರ್ಷ ಕೀಬೋರ್ಡಿಗೆ ಟವೆಲ್ ಹೊದಿಸಿ ಸುಮ್ನೆ ಬಿಟ್ಟಿದ್ದೆ. ಮಳೆ ಕಳೆದು ಮೊದಲ ಮದುವೆ ಕಾಗದ ಬಂತು. ಹೊಡೆದೆ, ಪ್ರೂಫ್ ನಾನೂ ನೋಡಿದೆ, ಮದುವೆ ಮನೆಯವರೂ ನೋಡಿದರು. ಮುನ್ನೂರು ಕಾಗದ ಅಚ್ಚಾದ ಮೇಲೆ ಯಾರೋ ಓದಿದರು: ಗೋಣಿಕೊಪಪ.

ನನ್ನ ಊರಿನ ಹೆಸರೇ! ಎಫ್ ಒತ್ತಿದ್ದೆ, ಟಿಕ್ ಕೂಡ ಬಂದಿತ್ತು. ಆದರೆ ಈ ಸ್ವಿಚ್ಚಿನಲ್ಲಿ ಸದ್ದು ಮಾಡುವ ಪ್ಲಾಸ್ಟಿಕ್ ತುಂಡೇ ಬೇರೆ, ಕರೆಂಟ್ ಮುಟ್ಟಿಸುವ ಲೋಹದ ಎಲೆಗಳೇ ಬೇರೆ. ಎಲೆಗಳ ನಡುವೆ ಕೊಳೆ ಕೂತರೂ ಟಿಕ್ ಬರುತ್ತಲೇ ಇರುತ್ತದೆ. ಅಷ್ಟು ವರ್ಷ ನಂಬಿದ ಕಿವಿ ಅವತ್ತು ಕೈಕೊಟ್ಟಿತು. ಕಾಗದ ನನ್ನ ಖರ್ಚಿನಲ್ಲೇ ಮತ್ತೆ ಹಾಕಿಸಿಕೊಟ್ಟೆ. ತಪ್ಪು ಕೀಬೋರ್ಡಿನದ್ದು ಅಂತ ಹೇಳಲಾರೆ, ಪ್ರೂಫ್ ನೋಡಿದ ಕಣ್ಣೂ ನನ್ನದೇ. ಅಂದಿನಿಂದ ಮಳೆಗಾಲದಲ್ಲಿ ರಾತ್ರಿ ಅದನ್ನು ಬಲ್ಬ್ ಹಾಕಿದ ಬೀರುವಿನಲ್ಲಿ ಇಡುತ್ತೇನೆ, ಹೆಂಡತಿಯ ರೇಷ್ಮೆ ಸೀರೆಗಳ ಪಕ್ಕ. ಅವಳು ಅದಕ್ಕೂ ಒಂದು ಹೆಸರಿಟ್ಟಿದ್ದಾಳೆ, ಇಲ್ಲಿ ಬರೆಯುವಂಥದ್ದಲ್ಲ.

ನನ್ನ ಈಗಿನ ಕಂಪ್ಯೂಟರಿನಲ್ಲಿ ಪಿಎಸ್/2 ತೂತೇ ಇಲ್ಲ, ಯುಎಸ್‌ಬಿಗೆ ಸಿಕ್ಕಿಸಬೇಕು. ಪಿನ್ನಿನ ಆಕಾರ ಮಾತ್ರ ಬದಲಿಸುವ ಅಗ್ಗದ ಅಡಾಪ್ಟರ್ ತಂದೆ, ಕೆಲಸ ಮಾಡಲಿಲ್ಲ. ಒಳಗೆ ಚಿಪ್ ಇರುವ ಕನ್ವರ್ಟರ್ರೇ ಬೇಕು.

ಹೊಸಬರು ಇದನ್ನು ಹುಡುಕಿಕೊಂಡು ಹೋಗಬೇಕಾ? ಮಗು ಮಲಗುವ ಕೋಣೆಯಲ್ಲಿ ಕೆಲಸ ಮಾಡುವವರು, ಆಫೀಸಿನಲ್ಲಿ ಪಕ್ಕದಲ್ಲೇ ಜನ ಇರುವವರು ಬೇಡ. ದಿನಕ್ಕೆ ಹತ್ತು ಪುಟ ನೋಡಿ ನೋಡಿ ಹೊಡೆಯುವವರು ಖಂಡಿತ ತೆಗೆದುಕೊಳ್ಳಿ. ಕೆಟ್ಟರೆ ಇಡೀ ಕೀಬೋರ್ಡ್ ಎಸೆಯಬೇಕಾಗಿಲ್ಲ. ನನ್ನ ಎಫ್ ಸ್ವಿಚ್ಚನ್ನು ಟಿವಿ ರಿಪೇರಿಯವರೊಬ್ಬರು ಬೆಸುಗೆ ಬಿಡಿಸಿ ತೆಗೆದರು, ಸ್ಕ್ರೋಲ್ ಲಾಕ್ ಸ್ವಿಚ್ಚನ್ನು ಆ ಜಾಗದಲ್ಲಿ ಕೂರಿಸಿದರು. ಮೇಲೆ ಅದೇ ಹಳೇ ಟೊಪ್ಪಿ. ಇದೂ ಹೋದರೆ ಸ್ಕ್ರೋಲ್ ಲಾಕ್ ಪಕ್ಕದ ಪಾಸ್ (Pause) ಕೀ ಇದೆ. ಅದನ್ನು ಇಷ್ಟು ವರ್ಷದಲ್ಲಿ ಒಮ್ಮೆಯೂ ಒತ್ತಿಲ್ಲ.