ಏಳು ವರ್ಷದ ಲ್ಯಾಪ್‌ಟಾಪ್: ವೇಗ ಕುಣಿದರೆ ಕುಣಿಯಲಿ, 0.39 ಗಿಗಾಹರ್ಟ್ಜ್‌ಗೆ ನಿಂತರೆ ಮಾತ್ರ ಎದ್ದೇಳಿ

ರಾಯಚೂರಿನಲ್ಲಿ ಮದುವೆ ವಿಡಿಯೊ ಎಡಿಟ್ ಮಾಡುವುದು ನನ್ನ ಕೆಲಸ. 2018ರಲ್ಲಿ ತಗೊಂಡ ಲ್ಯಾಪ್‌ಟಾಪ್ ಇದು. ಒಳಗಿರುವುದು ಇಂಟೆಲ್ ಐ5-8250ಯು, ನಾಲ್ಕು ಕೋರ್. ಆಗ ಇದೇ ಪ್ರೊಸೆಸರ್ ಹಾಕಿ ಹತ್ತಾರು ಮಾಡೆಲ್ ಬಂದಿದ್ದವು. ಹಾಗಾಗಿ ಕಂಪನಿಯ ಮಾತು ಬಿಟ್ಟು ಪ್ರೊಸೆಸರ್ ಬಗ್ಗೆಯೇ ಬರೆಯುತ್ತೇನೆ. ಸ್ಕ್ರೀನ್ ಸುಮಾರು, ಕೀಬೋರ್ಡ್ ಗಟ್ಟಿ, ಸ್ಪೀಕರ್ ಬಗ್ಗೆ ಕೇಳಲೇಬೇಡಿ.

ಮೊದಲ ವಾರವೇ ನನಗೆ ಅನುಮಾನ ಶುರುವಾಯಿತು. ಡಬ್ಬಿ ಮೇಲೆ ಪ್ರೊಸೆಸರ್ ವೇಗ 1.6 ಗಿಗಾಹರ್ಟ್ಜ್ ಅಂತಿದೆ. ಟಾಸ್ಕ್ ಮ್ಯಾನೇಜರ್ ತೆರೆದರೆ ಒಮ್ಮೆ 3.2, ಮರುಕ್ಷಣ 0.8, ಮತ್ತೆ 2.4. ಜ್ವರ ಬಂದವರ ಚಾರ್ಟ್ ಇದ್ದ ಹಾಗೆ. ಅಂಗಡಿಯವರು ಟೋಪಿ ಹಾಕಿದರು ಅಂದುಕೊಂಡೆ.

ಟೋಪಿ ಅಲ್ಲ. 1.6 ಅನ್ನುವುದು ಮೂಲ ವೇಗ. ಟರ್ಬೊದಲ್ಲಿ, ಅಂದರೆ ಭಾರ ಬಿದ್ದಾಗ ತಾನೇ ವೇಗ ಏರಿಸಿಕೊಂಡಾಗ, ಇದು 3.4 ತನಕ ಹೋಗುತ್ತದೆ. ಆದರೆ ತುಂಬಾ ಹೊತ್ತು ಅಲ್ಲಿ ನಿಲ್ಲಲು ಇದರ ಹತ್ತಿರ ಗಂಜಿ ಇಲ್ಲ. ಈ ಚಿಪ್‌ಗೆ ಕಟ್ಟಿಕೊಟ್ಟಿರುವ ಕರೆಂಟ್ ಖರ್ಚಿನ ಲೆಕ್ಕ 15 ವಾಟ್. ಕೆಲಸ ಶುರುವಾದಾಗ ಸ್ವಲ್ಪ ಹೊತ್ತು ಅದನ್ನು ಮೀರಿ ಓಡುತ್ತದೆ, ಆಮೇಲೆ 15 ವಾಟ್‌ಗೆ ಇಳಿಯುತ್ತದೆ. ನನ್ನದರಲ್ಲಿ ಎಡಿಟ್ ಮುಗಿದ ವಿಡಿಯೊವನ್ನು ಫೈಲ್ ಮಾಡುವ ಎಕ್ಸ್‌ಪೋರ್ಟ್ ಒತ್ತಿದ ಅರ್ಧ ನಿಮಿಷಕ್ಕೆ 3.2ರಿಂದ 2.3ಕ್ಕೆ ಬಂದು ಕೂರುತ್ತದೆ. ಅದೇ ಅದರ ನಿಜವಾದ ದುಡಿಮೆಯ ವೇಗ. ಕೆಲಸ ಇಲ್ಲದಾಗ ಇಳಿಯುವುದೂ ಬೇಕೆಂದೇ. ವೇಗ ಏರಿಸಬೇಕಾದರೆ ವೋಲ್ಟೇಜ್ ಕೂಡ ಏರಿಸಬೇಕು, ಕರೆಂಟ್ ಖರ್ಚು ವೋಲ್ಟೇಜ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅಂದರೆ ವೇಗ ಎರಡರಷ್ಟಾದರೆ ಬಿಸಿ ಎರಡರಷ್ಟಲ್ಲ, ಅದಕ್ಕಿಂತ ಜಾಸ್ತಿ. ಸುಮ್ನೆ ಕೂತಾಗ ಆ ಬಿಸಿ ಯಾರಿಗೆ ಬೇಕು? ಇದು ಹೊಸ ವಿದ್ಯೆಯೂ ಅಲ್ಲ. ಲ್ಯಾಪ್‌ಟಾಪ್ ವೇಗ ಇಳಿಸುವ ಸ್ಪೀಡ್‌ಸ್ಟೆಪ್ 2000ದಲ್ಲೇ ಬಂತು, ಏರಿಸುವ ಟರ್ಬೊ ಬೂಸ್ಟ್ 2008ರಲ್ಲಿ.

ಇದೆಲ್ಲ ಆಮೇಲೆ ತಿಳಿದಿದ್ದು. ಮೊದಲು ಹಟ ಹಿಡಿದು ವೇಗಕ್ಕೆ ಮೂಗುದಾರ ಹಾಕಲು ಹೋದೆ. ವಿಂಡೋಸ್ ಪವರ್ ಆಪ್ಷನ್‌ನಲ್ಲಿ ಪ್ರೊಸೆಸರ್‌ನ ಕನಿಷ್ಠ ಮಟ್ಟವನ್ನು 100% ಮಾಡಿದೆ. ಸುಮ್ನೆ ಮೇಲ್ ಓದುವಾಗಲೂ ಫ್ಯಾನ್ ಗಿರಣಿಯ ಹಾಗೆ ಕೂಗತೊಡಗಿತು. ನಾಲ್ಕು ಗಂಟೆ ಬರುತ್ತಿದ್ದ ಬ್ಯಾಟರಿ ಎರಡೂವರೆಗೆ ಇಳಿಯಿತು. ಸರಿ, ಕೆಲಸವಾದರೂ ಬೇಗ ಆಗಬೇಕಲ್ವಾ? ಹತ್ತು ನಿಮಿಷದ ಅರಿಶಿನ ಶಾಸ್ತ್ರದ ಕ್ಲಿಪ್ ಎಕ್ಸ್‌ಪೋರ್ಟ್ ಆಗಲು ಮೊದಲು 22 ನಿಮಿಷ ಬೇಕಿತ್ತು. ಈಗಲೂ 22 ನಿಮಿಷ. ಭಾರದ ಕೆಲಸ ಬಂದಾಗ ಅದು ಹೇಗೂ ಆಗುವಷ್ಟು ಓಡುತ್ತಿತ್ತು. ಮೂರೇ ದಿನಕ್ಕೆ ಹಳೆಯ ಸೆಟ್ಟಿಂಗ್‌ಗೆ ಮರಳಿದೆ.

ಇದಕ್ಕೆ ಉಲ್ಟಾ ಉಪಾಯ ಮಾತ್ರ ಈಗಲೂ ಬಳಸುತ್ತೇನೆ. ಗರಿಷ್ಠ ಮಟ್ಟವನ್ನು 100ರಿಂದ 99ಕ್ಕೆ ಇಳಿಸಿದರೆ ಟರ್ಬೊ ಬಂದ್. ವೇಗ 1.6ರ ಆಸುಪಾಸಿನಲ್ಲೇ ಉಳಿಯುತ್ತದೆ. ಅದೇ ಕ್ಲಿಪ್‌ಗೆ 31 ನಿಮಿಷ ಬೇಕು, ಆದರೆ ಫ್ಯಾನ್ ಸದ್ದೇ ಇಲ್ಲ. ಕಲ್ಯಾಣ ಮಂಟಪದಲ್ಲಿ ಕೂತು ಮೆಮೊರಿ ಕಾರ್ಡ್ ಕಾಪಿ ಮಾಡುವಾಗ, ಕರೆಂಟ್ ಹೋದಾಗ ಇದು ಭಾರಿ ಉಪಯೋಗ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಕಾಣುವುದೇ ಇಲ್ಲ, ಬಚ್ಚಿಟ್ಟಿರುತ್ತಾರೆ. ವೋಲ್ಟೇಜ್ ತಗ್ಗಿಸುವ ಅಂಡರ್‌ವೋಲ್ಟ್ ಕೂಡ ಮಾಡಿದ್ದೆ, ಚೆನ್ನಾಗಿತ್ತು. 2019ರ ಕೊನೆಗೆ ಇದೇ ವೋಲ್ಟೇಜ್ ಸೌಲಭ್ಯವನ್ನು ದುರ್ಬಳಕೆ ಮಾಡುವ ಪ್ಲಂಡರ್‌ವೋಲ್ಟ್ ಅನ್ನುವ ಭದ್ರತಾ ದೋಷ ಬಯಲಾಯಿತು, ಆಮೇಲಿನ ಬಯಾಸ್ (ಮದರ್‌ಬೋರ್ಡ್‌ನ ಮೂಲ ತಂತ್ರಾಂಶ) ಅಪ್‌ಡೇಟ್‌ನಲ್ಲಿ ಆ ಬಾಗಿಲು ಮುಚ್ಚಿತು.

2021ರ ಮೇ ತಿಂಗಳು. ನಮ್ಮೂರ ಬಿಸಿಲು ಗೊತ್ತಲ್ಲ, 40 ದಾಟಿತ್ತು. ಎಕ್ಸ್‌ಪೋರ್ಟ್ 22ರಿಂದ 29 ನಿಮಿಷಕ್ಕೆ ಹೋಯಿತು. ವೇಗ 2.3ರಲ್ಲಿ ನಿಲ್ಲದೆ 1.5, 1.9, 1.4 ಅಂತ ತಡಕಾಡುತ್ತಿತ್ತು, ತಾಪ 97 ಡಿಗ್ರಿ. ಈ ಚಿಪ್‌ನ ಮಿತಿ 100. ಹಿಂದಿನ ಮುಚ್ಚಳ ಬಿಚ್ಚಿದೆ. ಫ್ಯಾನ್ ರೆಕ್ಕೆ ಸ್ವಚ್ಛವಾಗಿಯೇ ಕಂಡಿತು. ಆದರೆ ಫ್ಯಾನನ್ನು ಎತ್ತಿ ನೋಡಿದರೆ, ಅದಕ್ಕೂ ಬಿಸಿ ಹೊರಹಾಕುವ ತಾಮ್ರದ ಪಟ್ಟಿಗಳಿಗೂ ನಡುವೆ ಬೂದು ಬಣ್ಣದ ಕಂಬಳಿಯಂಥದ್ದು ಒತ್ತಾಗಿ ಕೂತಿದೆ! ಚಿಮಟದಲ್ಲಿ ಹಿಡಿದೆಳೆದರೆ ಒಂದೇ ತುಂಡಾಗಿ ಬಂತು. ಮೂರು ವರ್ಷದ ಧೂಳು, ಹತ್ತಿ, ನಡುವೆ ಒಂದು ಕೂದಲು. ಚಿಪ್‌ನ ಬಿಸಿಯನ್ನು ತಾಮ್ರಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿ ಮುಚ್ಚಿದೆ. ತಾಪ 84ಕ್ಕೆ ಬಂತು, ಎಕ್ಸ್‌ಪೋರ್ಟ್ ಮತ್ತೆ 22 ನಿಮಿಷಕ್ಕೆ. ಹೊರಗಿನಿಂದ ಗಾಳಿ ಊದಿ ಬಿಡುವವರು ಗಮನಿಸಿ, ಆ ಕಂಬಳಿ ಊದಿದರೆ ಹೋಗುವುದಿಲ್ಲ.

ನಿಜಕ್ಕೂ ಹೆದರಿದ್ದು ಆಮೇಲೆ ಒಂದು ಸಲ. ಇದ್ದಕ್ಕಿದ್ದಂತೆ ಎಲ್ಲವೂ ಆಮೆ. ಫೋಲ್ಡರ್ ತೆರೆಯಲು ಹತ್ತು ಸೆಕೆಂಡ್, ಕನ್ನಡ ಟೈಪ್ ಮಾಡಿದರೆ ಅಕ್ಷರ ಆಮೇಲೆ ಮೂಡುವುದು. ಟಾಸ್ಕ್ ಮ್ಯಾನೇಜರ್‌ನಲ್ಲಿ 0.39 ಗಿಗಾಹರ್ಟ್ಜ್. ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ರಿಪೇರಿಗೆ ಕೊಟ್ಟರೆ ಮದರ್‌ಬೋರ್ಡ್ ಹೋಗಿದೆ, 14,000 ಆಗುತ್ತದೆ ಅಂದರು. ಮದುವೆ ಸೀಸನ್ ಬೇರೆ. ಮನೆಗೆ ತಂದು ಬೇಸರದಲ್ಲಿ ಚಾರ್ಜರ್ ಕಿತ್ತೆ. ನೋಡುತ್ತಿದ್ದಂತೆ 2.8ಕ್ಕೆ ಹಾರಿತು! ಮತ್ತೆ ಚುಚ್ಚಿದೆ, 0.39. ಕಿತ್ತೆ, 2.8.

ಹಿಂದಿನ ವಾರವಷ್ಟೇ ಅಗ್ಗಕ್ಕೆ ಒಂದು ಡೂಪ್ಲಿಕೇಟ್ ಚಾರ್ಜರ್ ತಂದಿದ್ದೆ. ನನ್ನದೂ ಸೇರಿ ಕೆಲವು ಕಂಪನಿಗಳ ಲ್ಯಾಪ್‌ಟಾಪ್‌ಗಳಲ್ಲಿ ಚಾರ್ಜರ್ ಪಿನ್ನಿನ ನಡುವಿನ ಸಣ್ಣ ಸೂಜಿ, ತಾನು ಎಷ್ಟು ವಾಟಿನದು ಅಂತ ಮದರ್‌ಬೋರ್ಡ್‌ಗೆ ಹೇಳುತ್ತದೆ. ಗುರುತು ಸಿಗದಿದ್ದರೆ ಬೋರ್ಡ್ ಹೆದರಿ ಪ್ರೊಸೆಸರ್‌ಗೆ ‘BD PROCHOT’ (ಬಿ.ಡಿ. ಪ್ರೊಕ್‌ಹಾಟ್) ಅನ್ನುವ, ವೇಗ ಇಳಿಸು ಎಂಬ ಸಂಕೇತ ಕಳಿಸುತ್ತದೆ, ಪ್ರೊಸೆಸರ್ ತೆವಳತೊಡಗುತ್ತದೆ. ಥ್ರಾಟಲ್‌ಸ್ಟಾಪ್ ತಂತ್ರಾಂಶದಲ್ಲಿ ಈ ಸಂಕೇತವನ್ನು ಆಫ್ ಮಾಡಬಹುದು. ನಾನು ಮಾಡಲಿಲ್ಲ. ಬೋರ್ಡ್‌ನ ಬೇರೆ ಭಾಗ ನಿಜವಾಗಿ ಸುಡುತ್ತಿದ್ದರೆ ಕೂಗಿ ಹೇಳುವ ಬಾಯಿಯೂ ಅದೇ ತಾನೆ. ಅಸಲಿ ಚಾರ್ಜರ್‌ಗೆ 2,100 ಕೊಟ್ಟೆ, ಮುಗಿಯಿತು.

ಏಳು ವರ್ಷದಲ್ಲಿ ಬ್ಯಾಟರಿ ಒಮ್ಮೆ ಬದಲಾಗಿದೆ, ಫ್ಯಾನ್ ಒಮ್ಮೆ. ವಿಂಡೋಸ್ 11 ಇಂಟೆಲ್ ಚಿಪ್‌ಗಳನ್ನು ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಮೇಲಷ್ಟೇ ಒಪ್ಪುತ್ತದೆ; ಇದು 8ನೇ ತಲೆಮಾರಿನದೇ ಆದ್ದರಿಂದ ಹೊಸ್ತಿಲಲ್ಲೇ ಒಳಗೆ ಬಿಟ್ಟುಕೊಂಡಿತು. 4ಕೆ ವಿಡಿಯೊಗೆ ಇದು ಸಾಲದು, ಆ ಕೆಲಸಕ್ಕೆ ಈಗ ಬೇರೆ ಮೆಷಿನ್ ಇದೆ. ಆಲ್ಬಂ ಡಿಸೈನ್ ಮಾತ್ರ ಇದರಲ್ಲೇ. ಅಸಲಿ ಚಾರ್ಜರ್‌ಗೆ ಕೆಂಪು ಟೇಪ್ ಸುತ್ತಿಟ್ಟಿದ್ದೇನೆ, ಹುಡುಗರು ಅದಲು ಬದಲು ಮಾಡಬಾರದು ಅಂತ.