ಕಹಿ ಸೋರೆಕಾಯಿಯ ರಸವನ್ನು ಔಷಧವೆಂದು ಕುಡಿಯಬೇಡಿ

ಸಕ್ಕರೆ ಕಾಯಿಲೆಗೆ ಒಳ್ಳೆಯದೆಂದು ಯಾರೋ ಹೇಳಿದ್ದನ್ನು ನಂಬಿ ನನ್ನ ಸೋದರಮಾವ ಕಳೆದ ಬೇಸಿಗೆಯಲ್ಲಿ ಖಾಲಿ ಹೊಟ್ಟೆಗೆ ಹಸಿ ಸೋರೆಕಾಯಿಯ ರಸ ಕುಡಿಯುವ ರೂಢಿ ಮಾಡಿಕೊಂಡಿದ್ದರು. ಒಂದು ಬೆಳಿಗ್ಗೆ ರಸ ವಿಪರೀತ ಕಹಿಯಾಗಿದ್ದರೂ, ಬೇವು, ಹಾಗಲಕಾಯಿಗಳಂತೆ ಇದೂ ಕಹಿಯಾದಷ್ಟೂ ಗುಣಕಾರಿಯೆಂದು ಭಾವಿಸಿ ಲೋಟ ಪೂರ್ತಿ ಕುಡಿದರು. ಸ್ವಲ್ಪ ಹೊತ್ತಿನಲ್ಲೇ ಹೊಟ್ಟೆನೋವು, ವಾಂತಿ, ಭೇದಿ ಶುರುವಾದವು. ಮೊದಲು ನೋಡಿದ ವೈದ್ಯರು ಆಹಾರದ ಏರುಪೇರೆಂದು ಮಾತ್ರೆ ಕೊಟ್ಟು ಕಳುಹಿಸಿದರು. ಮಧ್ಯಾಹ್ನದ ಹೊತ್ತಿಗೆ ವಾಂತಿಯಲ್ಲಿ ರಕ್ತ ಕಾಣಿಸಿಕೊಂಡು, ದೊಡ್ಡ ಆಸ್ಪತ್ರೆ ತಲುಪುವಷ್ಟರಲ್ಲಿ ರಕ್ತದೊತ್ತಡ ತೀರಾ ಕುಸಿದಿತ್ತು. ತೀವ್ರ ನಿಗಾ ಘಟಕದಲ್ಲಿ ಚಿಕಿತ್ಸೆ ಪಡೆದು ಅವರು ಉಳಿದುಕೊಂಡರು.

ಎಲ್ಲರೂ ಉಳಿಯುವುದಿಲ್ಲ. 2010ರಲ್ಲಿ ದೆಹಲಿಯ ವಿಜ್ಞಾನಿಯೊಬ್ಬರು ಸೋರೆ ಮತ್ತು ಹಾಗಲದ ರಸ ಬೆರೆಸಿ ಕುಡಿದು ತೀರಿಕೊಂಡರು. ಹಾಗಲದ ಸಹಜ ಕಹಿಯ ನಡುವೆ ಸೋರೆಯ ವಿಷದ ಕಹಿ ನಾಲಿಗೆಗೆ ಗೊತ್ತಾಗುವುದೇ ಇಲ್ಲ, ಹೀಗೆ ಬೆರೆಸುವುದರ ಅಪಾಯವಿರುವುದು ಅಲ್ಲಿಯೇ. ಆ ಸಾವಿನ ನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿ, ಕಹಿ ಸೋರೆಯ ರಸವನ್ನು ಕುಡಿಯಲೇ ಬಾರದು, ಸೋರೆಯ ರಸಕ್ಕೆ ಬೇರೆ ಯಾವ ರಸವನ್ನೂ ಬೆರೆಸಬಾರದು ಎಂದು ಸ್ಪಷ್ಟವಾಗಿ ಹೇಳಿತು. ಆ ಮಾತು ಇಂದಿಗೂ ಎಷ್ಟೋ ಮನೆಗಳನ್ನು ತಲುಪಿಲ್ಲವೆಂಬುದು ನನ್ನ ನೋವು.

ಈ ಕಹಿಗೆ ಕಾರಣ ಕುಕುರ್ಬಿಟಾಸಿನ್ ಎಂಬ ವಸ್ತು. ಸೋರೆ, ಸೌತೆ, ಕುಂಬಳದಂತಹ ಬಳ್ಳಿಗಳು ತಮ್ಮನ್ನು ಮೇಯಲು ಬರುವ ಕೀಟ, ಪ್ರಾಣಿಗಳಿಂದ ಉಳಿಯಲು ಇದನ್ನು ತಯಾರಿಸಿಕೊಳ್ಳುತ್ತವೆ. ಅಡುಗೆಯ ತಳಿಗಳಲ್ಲಿ ಇದು ಅತ್ಯಲ್ಪವಾದರೂ, ಬಿರುಬಿಸಿಲು ಮತ್ತು ನೀರಿನ ಕೊರತೆಯಿಂದ ಹೆಚ್ಚಬಹುದು. ಕಹಿ ತಳಿಯ ಪರಾಗ ತಗುಲಿದ ಕಾಯಿಯ ಬೀಜ ಬಿತ್ತಿದರೆ ಮುಂದಿನ ಬಳ್ಳಿಯ ಕಾಯಿಗಳು ಕಹಿಯಾಗಬಹುದು. ಎಳೆಯದಾಗಿ, ನುಣುಪಾಗಿ ಕಾಣುವ ಕಾಯಿಯೂ ಕಹಿಯಿರಬಹುದಾದ್ದರಿಂದ ಸಂತೆಯಲ್ಲಿ ಎಷ್ಟು ಆರಿಸಿದರೂ ತಿಳಿಯದು, ಮಾರುವವರಿಗೂ ತಿಳಿಯದು.

ಹಿಂದೆ ಅಡುಗೆಮನೆಗಳಲ್ಲಿ ಸೌತೆ, ಹೀರೆ, ಸೋರೆಗಳನ್ನು ಹೆಚ್ಚುವ ಮೊದಲು ಚೂರು ಕತ್ತರಿಸಿ ರುಚಿ ನೋಡುತ್ತಿದ್ದರು. ದಯವಿಟ್ಟು ಅದನ್ನು ಬಿಡಬೇಡಿ. ಪಲ್ಯಕ್ಕಾಗಲಿ, ಸಾಂಬಾರಿಗಾಗಲಿ, ಪ್ರತಿಯೊಂದು ಕಾಯಿಯ ಚೂರನ್ನೂ ನಾಲಿಗೆಗೆ ತಾಗಿಸಿ, ಕಹಿಯೆನಿಸಿದರೆ ಉಗುಳಿ ಇಡೀ ಕಾಯಿಯನ್ನು ಎಸೆಯಿರಿ. ಬೇಯಿಸಿದರೆ ಈ ವಿಷ ಹೋಗುವುದಿಲ್ಲ. ಉಪ್ಪು, ಬೆಲ್ಲ ಹಾಕಿದರೆ ಕಹಿ ಮರೆಯಾಗಿ ಅಪಾಯ ಇನ್ನಷ್ಟು ಹೆಚ್ಚುತ್ತದೆ.

ಯಾರಾದರೂ ಕುಡಿದು ವಾಂತಿ ಶುರುವಾಗಿದ್ದರೆ ಮನೆಮದ್ದಿಗೆ ಹೊತ್ತು ಕಳೆಯದೆ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ಇದಕ್ಕೆಂದೇ ಪ್ರತಿವಿಷವಿಲ್ಲದಿರುವುದರಿಂದ ಡ್ರಿಪ್ ಹಾಕಿ ರಕ್ತದೊತ್ತಡ ಕಾಯುವ ಚಿಕಿತ್ಸೆ ಬೇಗ ಸಿಗಬೇಕು. ಕಹಿ ಸೋರೆಯ ರಸ ಕುಡಿದಿದ್ದಾರೆಂದು ವೈದ್ಯರಿಗೆ ಮೊದಲ ಮಾತಿನಲ್ಲೇ ತಿಳಿಸಿ, ಉಳಿದ ಕಾಯಿಯಿದ್ದರೆ ಜೊತೆಗೆ ಒಯ್ಯಿರಿ.